ಕೀಲಿನ ಉರಿಯೂತ, ರಕ್ತನಾಳದ ಮುಪ್ಪು: ದಾವಣಗೆರೆಯ ಒಂದು ಪ್ರಕರಣ

ರೋಗಿ 47 ವರ್ಷದ ಹೆಣ್ಣುಮಗಳು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮದುವೆಯಾದ ಹೊಸತರಿಂದಲೂ ಕೂಲಿ. ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸಿಗರೇಟು ಇಲ್ಲ, ತೂಕ 52 ಕೆಜಿ. ಮನೆತನದಲ್ಲಿ ಯಾರಿಗೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆದದ್ದಿಲ್ಲ. ಕೊಲೆಸ್ಟ್ರಾಲ್ ರಿಪೋರ್ಟು ನೋಡಿದವರೆಲ್ಲ ನಾರ್ಮಲ್ ಎಂದೇ ಹೇಳಿದ್ದರು. ಇಷ್ಟಿದ್ದೂ ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ನಾಳ ಶೇ 80ರಷ್ಟು ಕಟ್ಟಿಕೊಂಡಿತ್ತು. ಕತ್ತಿನ ಎರಡೂ ಬದಿಯ ನಾಳಗಳ ಗೋಡೆ ದಪ್ಪಗಾಗಿ, ಅಲ್ಲಲ್ಲಿ ಸುಣ್ಣ ಕೂತು, ಅರವತ್ತೈದು ದಾಟಿದವರ ನಾಳದಂತೆ ಕಾಣುತ್ತಿತ್ತು. ಆಕೆಯ ರಕ್ತನಾಳಗಳು ಆಕೆಗಿಂತ ಮೊದಲೇ ಮುಪ್ಪಾದದ್ದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದೆ.

ಆಕೆ ಓಪಿಡಿಗೆ ಬಂದದ್ದು ಎದೆನೋವು ಅಂತ ಅಲ್ಲ, ಬೆರಳು, ಮಣಿಕಟ್ಟು, ಮೊಣಕಾಲಿನ ನೋವಿಗೆ. "ಬೆಳಿಗ್ಗೆ ಎದ್ದ ಕೂಡ್ಲೇ ಮುಷ್ಟಿ ಕಟ್ಟಾಕೆ ಬರಂಗಿಲ್ಲ ಸರ. ಬಿಸ್ನೀರಾಗೆ ಕೈ ಇಟ್ಕಂಡು ಕುಂತ್ರೆ ಒಂದೆರಡು ತಾಸಿಗೆ ಸಡ್ಲ ಆಗ್ತಾವೆ. ರೊಟ್ಟಿ ಈಗ ಮಗಳೇ ಬಡೀತಾಳೆ." ಇದು ಒಂಬತ್ತು ವರ್ಷದ ಕಥೆ. ಎರಡೂ ಕೈಯ ಬೆರಳ ಬುಡದ ಗೆಣ್ಣುಗಳು ಊದಿ ಮೆತ್ತಗಿದ್ದವು, ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಅಂಗೈಯನ್ನು ಅಡ್ಡಕ್ಕೆ ಮೆಲ್ಲಗೆ ಅದುಮಿದರೂ ಕೈ ಹಿಂದಕ್ಕೆ ಎಳೆದುಕೊಂಡರು. ಬೆಳಗಿನ ಹೊತ್ತು ಗಂಟೆಗಟ್ಟಲೆ ಬಿಗಿತ, ಎರಡೂ ಕಡೆ ಒಂದೇ ತರಹದ ಬಾವು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತ ಎನ್ನಲು ಅಷ್ಟೇ ಬೇಕಾದಷ್ಟಾಯಿತು. ಆಮೇಲೆ ಮಾಡಿಸಿದ, ಈ ಕಾಯಿಲೆಯ ಪ್ರತಿಕಾಯಗಳನ್ನು ಹುಡುಕುವ ಆಂಟಿ ಸಿಸಿಪಿ ಪರೀಕ್ಷೆ, ಕೈ ಎಕ್ಸ್‌ರೇಯಲ್ಲಿ ಕಂಡ ಮೂಳೆ ಸವೆತ ಅದನ್ನೇ ಖಚಿತಪಡಿಸಿದವು.

ಇಷ್ಟು ವರ್ಷ ಏನು ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿದಾಗ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ ಮೇಲೆ ಸುರಿದರು. ಮೆಡಿಕಲ್ ಶಾಪಿನವರು ಕತ್ತರಿಯಲ್ಲಿ ನಾಲ್ಕು ನಾಲ್ಕಾಗಿ ಕತ್ತರಿಸಿ ಕೊಟ್ಟ ಮಾತ್ರೆ ತುಂಡುಗಳು. ಒಂದರ ಮೇಲೂ ಪೂರ್ತಿ ಹೆಸರಿಲ್ಲ. ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಓದಿದಾಗ ತಿಳಿದದ್ದು: ನೋವಿನ ಮಾತ್ರೆ ಡೈಕ್ಲೋಫೆನಾಕ್, ಒಂದು ಸ್ಟೀರಾಯ್ಡ್ ಮಾತ್ರೆ, ಒಂದು ಗ್ಯಾಸ್ ಮಾತ್ರೆ. ಜೊತೆಗೆ 'ರಕ್ತ ಕಡಿಮೆ' ಅಂತ ವರ್ಷಗಟ್ಟಲೆ ಕುಡಿದ ಕಬ್ಬಿಣದ ಟಾನಿಕ್.

ಎದೆಯ ವಿಷಯ ಬಂದದ್ದು ಎದ್ದು ಹೊರಡುವ ಹೊತ್ತಿಗೆ. "ಮೆಟ್ಲು ಹತ್ತಿದ್ರೆ ಎದಿ ಮ್ಯಾಲೆ ಏನೋ ಇಟ್ಟಂಗೆ ಆಗ್ತೈತಿ. ಕುಂತ್ರೆ ಹೋಗ್ತೈತಿ. ಗ್ಯಾಸು ಸರ ಅದು." ಹತ್ತಿದಾಗ ಬಂದು ಕುಳಿತಾಗ ಹೋಗುವುದು ಗ್ಯಾಸ್ ಆಗಿರುವುದು ಅಪರೂಪ. ಈಚಿನ ವಾರಗಳಲ್ಲಿ ಅದು ಸಮತಟ್ಟಾದ ರಸ್ತೆಯಲ್ಲೂ ಬರತೊಡಗಿತ್ತು. ಅವತ್ತೇ ದಾಖಲಿಸಿಕೊಂಡೆವು.

ಬಿಪಿಯ ಎರಡು ಸಂಖ್ಯೆಗಳ ನಡುವೆ

ರಕ್ತದೊತ್ತಡ 158/72. ಎರಡೂ ತೋಳಲ್ಲಿ, ವಿಶ್ರಾಂತಿಯ ಮೇಲೂ ಹೆಚ್ಚುಕಡಿಮೆ ಅಷ್ಟೇ. ಮೇಲಿನ ಸಂಖ್ಯೆ ಹೆಚ್ಚಿರುವುದನ್ನು ಎಲ್ಲರೂ ಗಮನಿಸುತ್ತಾರೆ. ನನ್ನ ಕಣ್ಣು ಹೋದದ್ದು ಎರಡರ ನಡುವಿನ ಅಂತರದ ಕಡೆಗೆ: 86. ಸಾಮಾನ್ಯವಾಗಿ ಅದು 40ರ ಆಸುಪಾಸು ಇರುತ್ತದೆ. ಅರವತ್ತು ದಾಟಿದ ಎಷ್ಟೋ ಜನರಲ್ಲಿ ಈ ಅಂತರ ಹಿಗ್ಗುವುದುಂಟು. ನಲವತ್ತೇಳಕ್ಕೆ ಇದು ಸಲ್ಲದು.

ಹೃದಯ ಒಂದು ಸಲ ಹಿಂಡಿದಾಗ ಹೊರಬಿದ್ದ ರಕ್ತ ಒಮ್ಮೆಗೇ ಮುಂದಕ್ಕೆ ಹೋಗಿಬಿಡುವುದಿಲ್ಲ. ಮಹಾಪಧಮನಿ ಹಿಗ್ಗಿ ಒಂದು ಪಾಲನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ಹೃದಯ ಸಡಿಲಗೊಂಡಾಗ ಕುಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಮೇಲಿನ ಒತ್ತಡ ವಿಪರೀತ ಏರದು, ಕೆಳಗಿನದು ವಿಪರೀತ ಇಳಿಯದು. ಗೋಡೆಯ ಹಿಗ್ಗುವ ಗುಣ ಹೋದರೆ ಎರಡೂ ಕೆಡುತ್ತವೆ. ತೋಟದಲ್ಲಿ ನಾಲ್ಕಾರು ಬೇಸಿಗೆ ಬಿಸಿಲು ಕಂಡ ಡ್ರಿಪ್ ಪೈಪನ್ನು ಬಗ್ಗಿಸಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಡಿಯ ಅಲೆ ನಾಳದಲ್ಲಿ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆಯುವ ಯಂತ್ರವಿದೆ. ಕತ್ತಿನಿಂದ ತೊಡೆಯ ಬುಡದವರೆಗೆ ಆ ವೇಗ ಸೆಕೆಂಡಿಗೆ 10 ಮೀಟರ್ ದಾಟಿದರೆ ನಾಳ ಗಡುಸಾಗಿದೆ ಎಂದು ಲೆಕ್ಕ. ಆ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಬಿಪಿ ನೋಡುವ ಪಟ್ಟಿ ಮಾತ್ರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದೆ, ಕಳೆದು ನೋಡುವ ಅಭ್ಯಾಸ ಬೇಕು ಅಷ್ಟೇ.

ಇಂಥ ಅಂತರಕ್ಕೆ ಬೇರೆ ಕಾರಣಗಳೂ ಇವೆ, ಅವನ್ನು ತಳ್ಳಿಹಾಕದೆ ಮುಂದೆ ಹೋಗಬಾರದು. ಮಹಾಪಧಮನಿಯ ಕವಾಟ ಸೋರಿದರೂ ಹೀಗಾಗುತ್ತದೆ. ಎಕೋದಲ್ಲಿ ಸೋರಿಕೆ ಇರಲಿಲ್ಲ, ಹೃದಯದ ಎಡಗೋಣೆಯ ಗೋಡೆ ಮಾತ್ರ ಸ್ವಲ್ಪ ದಪ್ಪವಾಗಿತ್ತು. ಥೈರಾಯ್ಡ್ ಸರಿ ಇತ್ತು. ರಕ್ತಹೀನತೆಯೂ ಅಂತರವನ್ನು ಹಿಗ್ಗಿಸುತ್ತದೆ. ಆಕೆಯ ಹಿಮೋಗ್ಲೋಬಿನ್ 9.6. ಆದರೆ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 210 ಇತ್ತು, ಎಂದರೆ ದೇಹದಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಅದನ್ನು ಬಳಸಿಕೊಳ್ಳಲು ಆಗುತ್ತಿಲ್ಲ. ಉರಿಯೂತ ಹೆಚ್ಚಿದಾಗ ಐಎಲ್-6 ಎಂಬ ಸಂಕೇತ ಯಕೃತ್ತಿಗೆ ಹೋಗಿ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ, ಅದು ಕಬ್ಬಿಣವನ್ನು ಉಗ್ರಾಣದೊಳಗೇ ಕೂಡಿಹಾಕುತ್ತದೆ. ಟಾನಿಕ್ ಎಷ್ಟು ಕುಡಿದರೂ ರಕ್ತ ಏರದಿದ್ದುದು ಇದಕ್ಕೇ. ಇಎಸ್‌ಆರ್ 68, ಸಿಆರ್‌ಪಿ ಲೀಟರಿಗೆ 31 ಮಿಲಿಗ್ರಾಂ; ಎರಡೂ ಉರಿಯೂತದ ಅಳತೆಗಳು. ಹೃದಯದ ಅಪಾಯ ಅಳೆಯುವಾಗ ಸಿಆರ್‌ಪಿ 3 ದಾಟಿದರೇ ಹೆಚ್ಚು ಎನ್ನುತ್ತೇವೆ. ಈಕೆಯ ದೇಹ ಅದರ ಹತ್ತು ಪಟ್ಟಿನ ಮಟ್ಟದಲ್ಲಿ, ಬಹುಶಃ ವರ್ಷಗಳಿಂದ, ಬದುಕುತ್ತಿತ್ತು.

ಕೊಲೆಸ್ಟ್ರಾಲ್ ಏಕೆ ನಾರ್ಮಲ್ ಇತ್ತು

ಒಟ್ಟು ಕೊಲೆಸ್ಟ್ರಾಲ್ 150, 'ಕೆಟ್ಟದ್ದು' ಎನ್ನುವ ಎಲ್‌ಡಿಎಲ್ 92, 'ಒಳ್ಳೆಯದು' ಎನ್ನುವ ಎಚ್‌ಡಿಎಲ್ 34. ಎಚ್‌ಡಿಎಲ್ ಕಡಿಮೆ ಎಂಬುದು ಬಿಟ್ಟರೆ ಯಾರೂ ಹುಬ್ಬೇರಿಸುವಂಥದ್ದಲ್ಲ. ಅದೇ ಕವರಿನ ತಳದಲ್ಲಿ ಮಡಿಕೆಯಲ್ಲಿ ಹರಿದುಹೋಗಿದ್ದ ಹಳೇ ಕಾಗದವೊಂದಿತ್ತು. ಕೀಲುನೋವು ಶುರುವಾಗುವ ಮುಂಚೆ ಆರೋಗ್ಯ ಶಿಬಿರವೊಂದರಲ್ಲಿ ಮಾಡಿಸಿದ್ದು. ಅದರಲ್ಲಿ ಒಟ್ಟು 206, ಎಲ್‌ಡಿಎಲ್ 134, ಎಚ್‌ಡಿಎಲ್ 44. ತೂಕ ಆಗ 54 ಕೆಜಿ, ಈಗ 52. ಊಟ ಅದೇ. ಕೊಲೆಸ್ಟ್ರಾಲ್ ಮಾತ್ರೆ ಎಂದೂ ನುಂಗಿದ್ದಿಲ್ಲ.

ಈ ಇಳಿಕೆ ಒಳ್ಳೆಯ ಸುದ್ದಿಯಲ್ಲ. ಉರಿಯೂತ ಜೋರಾಗಿದ್ದಾಗ ದೇಹ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಬೇಗ ಬೇಗ ಎಳೆದುಹಾಕುತ್ತದೆ. ರಕ್ತದಲ್ಲಿ ಅಳೆದರೆ ಕಡಿಮೆ ಕಾಣುತ್ತದೆ, ನಾಳದ ಗೋಡೆಯಲ್ಲಿ ಅಪಾಯ ಹೆಚ್ಚಾಗಿರುತ್ತದೆ. ನಾಳವನ್ನು ಕಾಯಬೇಕಾದ ಎಚ್‌ಡಿಎಲ್ ಕೂಡ ಉರಿಯೂತದಲ್ಲಿ ತನ್ನ ಗುಣ ಕಳೆದುಕೊಳ್ಳುತ್ತದೆ. ರುಮಟಾಯ್ಡ್ ಸಂಧಿವಾತ ಬಲ್ಲವರಿಗೆ ಇದು ಹಳೆಯ ಸಂಗತಿ: ಕಾಯಿಲೆ ಹತೋಟಿಗೆ ಬಂದ ಮೇಲೆ ಕೊಲೆಸ್ಟ್ರಾಲ್ ಏರುವುದನ್ನು ಎಷ್ಟೋ ರೋಗಿಗಳಲ್ಲಿ ಕಾಣುತ್ತೇವೆ. ಕೀಲು ಊದಿರುವಾಗ ಮಾಡಿಸಿದ ಲಿಪಿಡ್ ಪ್ರೊಫೈಲ್ ನೋಡಿ 'ನಿಮ್ಮ ಹೃದಯಕ್ಕೇನೂ ಆಗಿಲ್ಲ' ಎಂದು ಕಳಿಸುವುದು ತಪ್ಪು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಸಾಮಾನ್ಯ ಲೆಕ್ಕಾಚಾರದ ಅಪಾಯವನ್ನು ಇಂಥವರಲ್ಲಿ 1.5ರಿಂದ ಗುಣಿಸಬೇಕೆನ್ನುತ್ತದೆ. ಅದು ಸರಿಯೇ, ಆದರೆ ನನಗೆ ಅದರಿಂದ ಸಮಾಧಾನವಿಲ್ಲ. ಸಕ್ಕರೆ ಕಾಯಿಲೆ, ಸಿಗರೇಟು ಇಲ್ಲದ 47ರ ಹೆಂಗಸಿಗೆ ಮೊದಲು ಬರುವ ಸಂಖ್ಯೆಯೇ ಚಿಕ್ಕದು. ಒಂದೂವರೆ ಪಟ್ಟು ಮಾಡಿದರೂ ಚಿಕ್ಕದಾಗಿಯೇ ಉಳಿಯುತ್ತದೆ. ಅದಕ್ಕಿಂತ ಕತ್ತಿನ ಮೇಲೆ ಅಲ್ಟ್ರಾಸೌಂಡ್ ಇಟ್ಟು ನಾಳವನ್ನೇ ನೋಡುವುದು ಲೇಸು. ಈಕೆಯಲ್ಲಿ ಪ್ಲಾಕ್, ಅಂದರೆ ನಾಳದ ಗೋಡೆಯಲ್ಲಿ ಕೂತ ಕೊಬ್ಬಿನ ಗಡ್ಡೆ, ಕಂಡದ್ದು ಹಾಗೆ. ಆಂಜಿಯೋಗ್ರಾಂ ಆಮೇಲಿನದು.

ಗೋಡೆಯೊಳಗೆ ನಡೆದದ್ದು

ಪ್ರತಿ ರಕ್ತನಾಳದ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಹೊದಿಕೆ ಇದೆ. ಎಂಡೋಥೀಲಿಯಂ ಎನ್ನುತ್ತಾರೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳವನ್ನು ಸಡಿಲವಾಗಿಡುತ್ತದೆ, ರಕ್ತಕಣ ಅಂಟದಂತೆ ನೋಡಿಕೊಳ್ಳುತ್ತದೆ. ಈ ಶೋಧನೆಗೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ ನೊಬೆಲ್ ಬಂತು. ಊದಿದ ಕೀಲಿನಿಂದ ರಕ್ತಕ್ಕೆ ಇಳಿಯುವ ಟಿಎನ್‌ಎಫ್, ಐಎಲ್-1, ಐಎಲ್-6 ಎಂಬ ಸಂಕೇತಗಳಿಗೆ ಕೀಲಿನ ಎಲ್ಲೆ ಗೊತ್ತಿಲ್ಲ. ಬೆರಳ ಗೆಣ್ಣಿನಲ್ಲಿ ಹುಟ್ಟಿದ್ದು ನಿಮಿಷದೊಳಗೆ ಹೃದಯ, ಮೆದುಳು, ಮೂತ್ರಪಿಂಡದ ನಾಳಗಳನ್ನೆಲ್ಲ ಸುತ್ತುತ್ತದೆ. ಎಂಡೋಥೀಲಿಯಂ ಮೇಲೆ ಅದರ ಮೊದಲ ಪರಿಣಾಮ ನೈಟ್ರಿಕ್ ಆಕ್ಸೈಡ್ ಕುಗ್ಗುವುದು. ಎರಡನೆಯದು ಆ ನುಣುಪು ಮೈ ಅಂಟಂಟಾಗುವುದು; ಬಿಳಿ ರಕ್ತಕಣಗಳು ಅಲ್ಲಿ ತಂಗಿ ಒಳಗೆ ನುಸುಳುತ್ತವೆ, ಕೊಬ್ಬನ್ನು ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ. ಪ್ಲಾಕ್ ಬೆಳೆಯುವುದು ಹೀಗೆ.

ಗಡುಸಾಗುವ ಕಥೆ ಗೋಡೆಯ ನಡುಪದರದ್ದು, ಮುಪ್ಪು ಎಂಬ ಮಾತು ನಿಜವಾಗಿ ಸಲ್ಲುವುದೂ ಅಲ್ಲೇ. ನಾಳಕ್ಕೆ ಹಿಗ್ಗುವ ಶಕ್ತಿ ಕೊಡುವುದು ಎಲಾಸ್ಟಿನ್ ಎಂಬ ನಾರು. ಅದು ಮುಖ್ಯವಾಗಿ ಹುಟ್ಟುವ ಮೊದಲು ಮತ್ತು ಬಾಲ್ಯದಲ್ಲಿ ತಯಾರಾಗುತ್ತದೆ. ದೊಡ್ಡವರಾದ ಮೇಲೆ ಹೊಸದು ಹೆಚ್ಚು ಹುಟ್ಟುವುದಿಲ್ಲ, ಇದ್ದದ್ದರಲ್ಲೇ ಬಾಳುವೆ ಮಾಡಬೇಕು. ಉರಿಯೂತದ ಕಣಗಳು ಬಿಡುವ ಕಿಣ್ವಗಳು ಈ ನಾರನ್ನು ಕತ್ತರಿಸುತ್ತವೆ. ಖಾಲಿಯಾದ ಜಾಗಕ್ಕೆ ಕೊಲಾಜೆನ್ ಬಂದು ಕೂರುತ್ತದೆ, ಅದು ಗಟ್ಟಿ, ಹಿಗ್ಗುವುದಿಲ್ಲ. ನಾಳದ ಸ್ನಾಯುಕೋಶಗಳು ಸ್ವಭಾವ ಬದಲಿಸಿ ಮೂಳೆಕೋಶದಂತೆ ವರ್ತಿಸುತ್ತ ಸುಣ್ಣ ಕೂಡಿಸತೊಡಗುತ್ತವೆ. ಇನ್ನೊಂದು ಸಂಗತಿ ಈಚಿನ ದಶಕಗಳಲ್ಲಿ ಸ್ಪಷ್ಟವಾದದ್ದು: ಮುಪ್ಪಾಗಿ ವಿಭಜನೆ ನಿಲ್ಲಿಸಿದ ಕೋಶಗಳು ಸುಮ್ಮನಿರುವುದಿಲ್ಲ, ತಾವೇ ಐಎಲ್-6ನಂಥವನ್ನು ಹೊರಬಿಡುತ್ತವೆ. ಅಂದರೆ ಉರಿಯೂತ ಮುಪ್ಪನ್ನು ತರುತ್ತದೆ, ಮುಪ್ಪು ಉರಿಯೂತವನ್ನು ಹೆಚ್ಚಿಸುತ್ತದೆ. ವಯಸ್ಸಿನೊಂದಿಗೆ ಎಲ್ಲರಲ್ಲೂ ಸಣ್ಣಗೆ ಏರುವ ಈ ಉರಿಯೂತದ ಕಡೆಗೆ ಇಟಲಿಯ ಕ್ಲಾಡಿಯೋ ಫ್ರಾನ್ಸೆಸ್ಕಿ 2000ದಲ್ಲೇ ವಿಜ್ಞಾನಿಗಳ ಗಮನ ಸೆಳೆದಿದ್ದರು. ಎಲ್ಲರಲ್ಲೂ ಎಪ್ಪತ್ತರ ಹೊತ್ತಿಗೆ ಆಗುವುದು ಈಕೆಯಲ್ಲಿ ನಲವತ್ತಕ್ಕೇ ಶುರುವಾಗಿತ್ತು.

ಕೀಲೊಂದೇ ಕಾರಣ ಎಂದರೆ ಅರ್ಧ ಸತ್ಯ. ಭಟ್ಟಿ ಎಂದರೆ ಹೊಗೆ. ಉಪ್ಪುನೀರು ಬೆರೆಸಿದ ಅಕ್ಕಿಯನ್ನು ಕಾದ ಮರಳಲ್ಲಿ ಹುರಿಯುವ ಒಲೆಗೆ ಭತ್ತದ ಹೊಟ್ಟೋ ಕಟ್ಟಿಗೆಯೋ ಸಿಕ್ಕ ಉರುವಲೋ ಬೀಳುತ್ತಲೇ ಇರಬೇಕು, ನಸುಕಿನಿಂದಲೇ. ಆ ಹೊಗೆಯ ನುಣ್ಣನೆಯ ಕಣ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೂ ಇಳಿದು ಅಲ್ಲಿ ಉರಿಯೂತ ಎಬ್ಬಿಸುತ್ತದೆ, ಅದು ರಕ್ತಕ್ಕೂ ಹಬ್ಬುತ್ತದೆ. ದಾವಣಗೆರೆ ಮಂಡಕ್ಕಿ ತಿನ್ನುವ ನಾವೆಲ್ಲ ಆ ಒಲೆಯ ಮುಂದೆ ಕೂತವರ ಎದೆಯ ಬಗ್ಗೆ ಒಮ್ಮೆಯಾದರೂ ಯೋಚಿಸಬೇಕು. ಹೊಗೆ ಮೇಲಕ್ಕೆ ಹೋಗುವ ಚಿಮಣಿ, ಗಾಳಿಯಾಡುವ ಮಾಡು ಅವರ ಹಕ್ಕು. ಬಾಯಿ ತೆರೆಸಿ ನೋಡಿದರೆ ವಸಡು ಕೆಂಪಗೆ ಊದಿ, ಮುಟ್ಟಿದರೆ ರಕ್ತ. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ರೂಢಿ. ವಸಡಿನ ರೋಗಕ್ಕೂ ರುಮಟಾಯ್ಡ್‌ಗೂ ನಂಟಿದೆ. ವಸಡಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ ನಮ್ಮ ಪ್ರೋಟೀನುಗಳ ರೂಪ ಬದಲಿಸುವ ಕಿಣ್ವ ಹೊಂದಿದೆ, ಆಂಟಿ ಸಿಸಿಪಿ ಪ್ರತಿಕಾಯಗಳು ಎರಗುವುದು ಹಾಗೆ ರೂಪ ಬದಲಾದ ಪ್ರೋಟೀನುಗಳ ಮೇಲೆಯೇ. ಇನ್ನು ಸ್ಟೀರಾಯ್ಡ್ ಬಿಪಿ, ಸಕ್ಕರೆ ಎರಡನ್ನೂ ಏರಿಸುತ್ತದೆ. ಡೈಕ್ಲೋಫೆನಾಕ್ ನೋವು ಇಳಿಸುತ್ತದೆ, ಕೀಲಿನ ಕಾಯಿಲೆಯನ್ನು ತಡೆಯುವುದಿಲ್ಲ, ಹೃದಯಾಘಾತದ ಅಪಾಯವನ್ನು ತನ್ನ ಪಾಲಿಗೆ ತಾನೇ ಹೆಚ್ಚಿಸುತ್ತದೆ. ನೋವು ಕಡಿಮೆಯಾದದ್ದನ್ನೇ ಕಾಯಿಲೆ ಕಡಿಮೆಯಾಯಿತು ಎಂದುಕೊಂಡು ಒಂಬತ್ತು ವರ್ಷ ಹೋಯಿತು.

ಚಿಕಿತ್ಸೆ

ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸ್ಟೆಂಟ್ ಹಾಕಿಸಲಾಯಿತು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್ 40, ಬಿಪಿಗೆ ಟೆಲ್ಮಿಸಾರ್ಟಾನ್. ಇಷ್ಟು ಬರೆದು ಮನೆಗೆ ಕಳಿಸಿದ್ದರೆ ಅರ್ಧ ಚಿಕಿತ್ಸೆಯಾಗುತ್ತಿತ್ತು. ಡೈಕ್ಲೋಫೆನಾಕ್ ಅವತ್ತೇ ನಿಲ್ಲಿಸಿದೆವು. ಸ್ಟೀರಾಯ್ಡನ್ನು ಹಾಗೆ ಏಕಾಏಕಿ ನಿಲ್ಲಿಸಬಾರದು. ವರ್ಷಗಟ್ಟಲೆ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತದೆ. ವಾರಗಳ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ಎದೆ ಎಕ್ಸ್‌ರೇ, ಕಾಮಾಲೆಯ ವೈರಸ್ಸುಗಳ ಪರೀಕ್ಷೆ, ಯಕೃತ್ತಿನ ಪರೀಕ್ಷೆ ಆದ ಮೇಲೆ ಕೀಲಿನ ಕಾಯಿಲೆಯನ್ನೇ ತಡೆಯುವ ಮೆಥೊಟ್ರೆಕ್ಸೇಟ್ ಶುರು.

ಈ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿ ಬಾಯಿ ತುಂಬ ಹುಣ್ಣಾಗಿ, ಬಿಳಿ ರಕ್ತಕಣ ಕುಸಿದು ಪ್ರಾಣಕ್ಕೇ ಬಂದವರಿದ್ದಾರೆ. ಆಕೆಗೆ ಓದು ಬರೆಹ ಅಷ್ಟಾಗಿ ಬರದು. ಮಗಳನ್ನು ಕೂರಿಸಿ, ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರಕ್ಕೆ ಕೆಂಪು ಗುರುತು, ಫೋಲಿಕ್ ಆಸಿಡ್ ದಿನಕ್ಕೆ ಹಸಿರು ಗುರುತು ಹಾಕಿಸಿದೆವು. ಹೈಡ್ರಾಕ್ಸಿಕ್ಲೋರೋಕ್ವಿನ್ ಜೊತೆಗೆ ಸೇರಿತು, ಅದಕ್ಕೆ ಕಣ್ಣಿನ ಪರದೆಯ ಪರೀಕ್ಷೆ. ವಸಡಿಗೆ ದಂತ ವೈದ್ಯರ ಹತ್ತಿರ ಕಳಿಸಿದೆವು. ಸ್ಟೆಂಟಿನ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸದೆಯೇ ಹಲ್ಲು ಶುಚಿ ಮಾಡಿಸಬಹುದು ಎಂದು ಚೀಟಿಯಲ್ಲಿ ಬರೆದು ಕೊಟ್ಟೆವು.

ಉರಿಯೂತ ತಗ್ಗಿಸಿದರೆ ಹೃದಯ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಏನು? 2017ರ ಕ್ಯಾಂಟೋಸ್ ಪ್ರಯೋಗ ಮುಖ್ಯವಾದದ್ದು. ಹೃದಯಾಘಾತ ಆಗಿ ಸಿಆರ್‌ಪಿ ಹೆಚ್ಚೇ ಉಳಿದಿದ್ದ 10,061 ಜನರಲ್ಲಿ ಐಎಲ್-1 ಬೀಟಾ ತಡೆಯುವ ಕ್ಯಾನಕಿನುಮ್ಯಾಬ್ ಎಂಬ ಚುಚ್ಚುಮದ್ದು ಪರೀಕ್ಷಿಸಿದರು. ಎಲ್‌ಡಿಎಲ್ ಒಂದಿಷ್ಟೂ ಇಳಿಯಲಿಲ್ಲ, ಆದರೂ 150 ಮಿಲಿಗ್ರಾಂ ಡೋಸಿನಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ 15ರಷ್ಟು ಕಡಿಮೆಯಾದವು. ಉರಿಯೂತ ಬರೀ ಸಾಕ್ಷಿಯಲ್ಲ, ತಾನೇ ಪಾತ್ರಧಾರಿ ಎಂದು ತೋರಿಸಿದ್ದು ಅದು. ಸೋಂಕಿನ ಸಾವು ಮಾತ್ರ ಸ್ವಲ್ಪ ಏರಿತು, ಔಷಧ ಹೃದಯಕ್ಕೆ ಬಳಕೆಗೆ ಬರಲಿಲ್ಲ. ಮರುವರ್ಷ ಬಂದ ಸಿರ್ಟ್ ಪ್ರಯೋಗದಲ್ಲಿ ಕಡಿಮೆ ಡೋಸಿನ ಮೆಥೊಟ್ರೆಕ್ಸೇಟ್ ಸೋತಿತು. ಹಾಗಾದರೆ ನಮ್ಮ ರೋಗಿಗೆ ಅದನ್ನೇ ಕೊಟ್ಟದ್ದೇಕೆ ಎಂದು ಕೇಳಬಹುದು. ಸಿರ್ಟ್‌ನಲ್ಲಿ ಇದ್ದವರಿಗೆ ಸಂಧಿವಾತ ಇರಲಿಲ್ಲ, ಅವರ ಸಿಆರ್‌ಪಿ ಮೊದಲೇ ಕೆಳಗಿತ್ತು. ಇಳಿಸಲು ಹೆಚ್ಚೇನೂ ಇರಲಿಲ್ಲ. ರುಮಟಾಯ್ಡ್ ಇರುವವರಲ್ಲಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಹೃದಯದ ತೊಂದರೆ ಕಡಿಮೆ ಎಂದು ವೀಕ್ಷಣಾ ಅಧ್ಯಯನಗಳು ಹೇಳುತ್ತವೆ. ಅದು ಪ್ರಯೋಗದಷ್ಟು ಗಟ್ಟಿ ಪುರಾವೆಯಲ್ಲ. ಆದರೆ ಕೀಲು ಉಳಿಸಲು ಹೇಗೂ ಬೇಕಾದ ಔಷಧವದು.

ಕೊಲ್ಚಿಸಿನ್ ಬಗ್ಗೆ ಈಗ ರೋಗಿಗಳೇ ಕೇಳುತ್ತಾರೆ, ಉರಿಯೂತ ಇಳಿಸುವ ಅಗ್ಗದ ಹಳೇ ಮಾತ್ರೆ. 2019ರ ಕೋಲ್ಕಾಟ್, 2020ರ ಲೋಡೊಕೊ 2 ಎರಡೂ ಪ್ರಯೋಗಗಳಲ್ಲಿ ಹೃದಯಕ್ಕೆ ಲಾಭ ಕಂಡಿತು, 2024ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರಲ್ಲಿ ನಡೆದ ಕ್ಲಿಯರ್ ಸಿನರ್ಜಿಯಲ್ಲಿ ಕಾಣಲಿಲ್ಲ. ಈಕೆಗೆ ನಾವು ಕೊಡಲಿಲ್ಲ. ಉರಿಯೂತದ ಮೂಲ ಎಲ್ಲಿದೆ ಎಂದು ಕಣ್ಣೆದುರಿಗೆ ಇರುವಾಗ ಅದನ್ನು ಹತೋಟಿಗೆ ತರುವುದೇ ಮೊದಲ ಕೆಲಸ.

ಈಗಿನ ಸ್ಥಿತಿ

ಆರು ತಿಂಗಳ ಹೊತ್ತಿಗೆ ಸಿಆರ್‌ಪಿ 9, ಇಎಸ್‌ಆರ್ 30. ಬೆಳಗಿನ ಬಿಗಿತ ಕಾಲು ಗಂಟೆ. ಕಬ್ಬಿಣದ ಟಾನಿಕ್ ನಿಲ್ಲಿಸಿಯೂ ಹಿಮೋಗ್ಲೋಬಿನ್ 11.4ಕ್ಕೆ ಏರಿತು. ಬಿಪಿ 134/74, ಅಂತರ 60. ಇದರಲ್ಲಿ ಟೆಲ್ಮಿಸಾರ್ಟಾನಿನ ಪಾಲು, ಡೈಕ್ಲೋಫೆನಾಕ್ ಮತ್ತು ಸ್ಟೀರಾಯ್ಡ್ ಬಿಟ್ಟ ಪಾಲು, ರಕ್ತ ಏರಿದ ಪಾಲು ಎಲ್ಲ ಸೇರಿವೆ, ನಾಳ ಮತ್ತೆ ಎಳೆಯದಾಯಿತು ಎಂದು ಹೇಳಲಾರೆ. ಎಂಡೋಥೀಲಿಯಂ ಚೇತರಿಸಿಕೊಳ್ಳುತ್ತದೆ, ಅದು ಜೀವಂತ ಕೋಶ. ತುಂಡಾದ ಎಲಾಸ್ಟಿನ್ ಕೂಡುವುದಿಲ್ಲ, ಕೂತ ಸುಣ್ಣ ಕರಗುವುದಿಲ್ಲ. ರುಮಟಾಯ್ಡ್ ಇರುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾವು ಇತರರಿಗಿಂತ ಸುಮಾರು ಅರ್ಧದಷ್ಟು ಹೆಚ್ಚು. ಅದನ್ನು ತಗ್ಗಿಸುವ ಅವಕಾಶ ಇರುವುದು ಕಾಯಿಲೆಯ ಮೊದಲ ವರ್ಷಗಳಲ್ಲಿ, ಬೆರಳು ವಾಲುವ ಮುಂಚೆ. ಆರು ವಾರ ದಾಟಿದ ಬೆಳಗಿನ ಬಿಗಿತ, ಬೆರಳ ಗೆಣ್ಣಿನ ಬಾವು ಕಂಡರೆ ಮೆಡಿಕಲ್ ಶಾಪಿನ ಮಾತ್ರೆ ಸಾಕು ಎನ್ನದೆ ವೈದ್ಯರಲ್ಲಿಗೆ ಕರೆದುಕೊಂಡು ಬನ್ನಿ ಎಂದು ನಾನು ಆಶಾ ಕಾರ್ಯಕರ್ತೆಯರಿಗೆ ಹೇಳುತ್ತಲೇ ಇರುತ್ತೇನೆ.

ಆಕೆ ಈಗ ಒಲೆಯಿಂದ ದೂರ, ಚೀಲ ತುಂಬುವ ಕಡೆ ಕೂರುತ್ತಾರೆ. ಮಾಲೀಕರು ಒಪ್ಪಿಕೊಂಡರು. ಕಡ್ಡಿಪುಡಿ ಕಡಿಮೆಯಾಗಿದೆ, ಪೂರ್ತಿ ಬಿಟ್ಟಿಲ್ಲ. ಬಲ ಮಣಿಕಟ್ಟಿನಲ್ಲಿ ಬಾವು ಇನ್ನೂ ಇದೆ, ಸಿಆರ್‌ಪಿ 5ರ ಒಳಗೆ ಬಂದಿಲ್ಲ. ಮುಂದೇನು ಎಂಬುದು ಸದ್ಯದ ಪ್ರಶ್ನೆ. ನಮ್ಮಲ್ಲಿ ಕೈಗೆಟಕುವ ಬೆಲೆಗೆ ಸಿಗುವ ಟೊಫಾಸಿಟಿನಿಬ್ ಬರೆಯೋಣ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಉರಿಯೂತವನ್ನು ಅದು ಚೆನ್ನಾಗಿಯೇ ಇಳಿಸುತ್ತದೆ. ಆದರೆ ಐವತ್ತು ದಾಟಿ ಹೃದಯದ ಅಪಾಯವಿದ್ದ ರುಮಟಾಯ್ಡ್ ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟಿಎನ್‌ಎಫ್ ತಡೆಯುವ ಮದ್ದಿಗೆ ಹೋಲಿಸಿದರೆ ಟೊಫಾಸಿಟಿನಿಬ್ ಪಡೆದವರಲ್ಲಿ ಹೃದಯಾಘಾತದಂಥ ಘಟನೆಗಳು ಹೆಚ್ಚು ಕಂಡವು. ಸ್ಟೆಂಟ್ ಇರುವ ಈಕೆಗೆ ಅದನ್ನು ನಾನು ಬರೆಯಲಾರೆ. ಮೆಥೊಟ್ರೆಕ್ಸೇಟ್ ಡೋಸನ್ನು ವಾರಕ್ಕೆ 20 ಮಿಲಿಗ್ರಾಂಗೆ ಏರಿಸಿ ಸಲ್ಫಾಸಲಜೀನ್ ಸೇರಿಸಿದ್ದೇವೆ. ಮೂರು ತಿಂಗಳ ಬಳಿಕವೂ ಮಣಿಕಟ್ಟು ಊದಿದ್ದರೆ ಟಿಎನ್‌ಎಫ್ ತಡೆಯುವ ಚುಚ್ಚುಮದ್ದಿನ ಬಯೋಸಿಮಿಲರ್ (ಮೂಲ ಮದ್ದನ್ನೇ ಹೋಲುವ ಅಗ್ಗದ ರೂಪ) ಯಾವ ಯೋಜನೆಯಲ್ಲಿ ಕೊಡಿಸಬಹುದೆಂದು ಈಗಿನಿಂದಲೇ ವಿಚಾರಿಸುತ್ತಿದ್ದೇವೆ, ಅದಕ್ಕೂ ಮುಂಚೆ ಕ್ಷಯದ ಪರೀಕ್ಷೆ ಮಾಡಿಸಬೇಕು.